ಕುಕ್ಕರ್ ಕೂಗದೆ ಕೂತಾಗ

ನಮ್ಮ ಚಿಕ್ಕಮ್ಮ ಕುಕ್ಕರ್ ಇಟ್ಟರೆ ಅಡುಗೆಮನೆಯ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದರು. ಒಂದು ಕೂಗು, ಎರಡು ಕೂಗು, ಮೂರು ಕೂಗು. ಮೂರನೆಯದು ಮುಗಿಯುತ್ತಿದ್ದಂತೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಓಡಿಹೋಗಿ ಗ್ಯಾಸ್ ಆರಿಸಿ ಮತ್ತೆ ಹೊರಗೆ. ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಅವರ ಹೆದರಿಕೆ ಪೂರ್ತಿ ಸುಳ್ಳೇನಲ್ಲ, ಆದರೆ ಹೆದರುವ ಹೊತ್ತು ಮಾತ್ರ ತಪ್ಪಾಗಿತ್ತು. ಕೂಗುವಷ್ಟು ಹೊತ್ತೂ ಆ ಕುಕ್ಕರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಗಾಬರಿಯಾಗಬೇಕಾದದ್ದು ಒಲೆ ಜೋರಾಗಿ ಉರಿಯುತ್ತಿದ್ದು, ಕಾಲು ಗಂಟೆಯಾದರೂ ಅದು ಸದ್ದಿಲ್ಲದೆ ಕೂತಾಗ.

ಈ ಮಾತು ಅರ್ಥವಾಗಬೇಕಾದರೆ ಕೂಗು ಅಂದರೆ ಏನು ಅಂತ ಮೊದಲು ನೋಡಬೇಕು. ಮೈಸೂರು ಕಡೆ ಕೂಗು, ಧಾರವಾಡದ ಕಡೆ ಸೀಟಿ, ಎಲ್ಲರಿಗೂ ಗೊತ್ತಿರುವ ಮಾತು ವಿಸಿಲ್. ಹೆಸರು ಯಾವುದಾದರೂ ಆಗಲಿ, ಅದನ್ನು ನಾವು ಗಡಿಯಾರದ ಹಾಗೆ ಬಳಸುತ್ತೇವೆ. ಬೇಳೆಗೆ ನಾಲ್ಕು, ಅನ್ನಕ್ಕೆ ಎರಡು, ಕಡಲೆಕಾಳಿಗೆ ಆರೇಳು. ಆದರೆ ಅದನ್ನು ಮಾಡಿದ್ದು ಹೊತ್ತು ಎಣಿಸುವುದಕ್ಕಲ್ಲ.

ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯಲು ಶುರುವಾದರೆ ಮುಗಿಯಿತು. ಆಮೇಲೆ ಎಷ್ಟೇ ಉರಿ ಜಾಸ್ತಿ ಮಾಡಿದರೂ ಅದರ ಬಿಸಿ ಏರುವುದಿಲ್ಲ, ನೀರು ಬೇಗ ಬತ್ತುತ್ತದೆ ಅಷ್ಟೇ. ಸಮುದ್ರದ ಪಕ್ಕದ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಡಿಮೆ, ಹಾಗಾಗಿ 97ರ ಹತ್ತಿರಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಚೂರು ಮೊದಲೇ. ಮೇಲಿನಿಂದ ಒತ್ತುವ ಗಾಳಿ ಕಡಿಮೆಯಾದಷ್ಟೂ ನೀರಿಗೆ ಆವಿಯಾಗುವುದು ಸುಲಭ. ಒತ್ತಡ ಜಾಸ್ತಿಯಾದರೆ ಇದು ಉಲ್ಟಾ. ನೀರು ಕುದಿಯುವುದು ಮುಂದಕ್ಕೆ ಹೋಗುತ್ತದೆ, ಅಷ್ಟು ಹೊತ್ತು ಅದರ ಬಿಸಿ ಏರುತ್ತಲೇ ಇರುತ್ತದೆ.

ಕುಕ್ಕರ್ ಮಾಡುವುದು ಇಷ್ಟನ್ನೇ. ಆವಿಯನ್ನು ಹೊರಗೆ ಬಿಡದೆ ಒಳಗೇ ಕೂಡಿಹಾಕಿ ಒತ್ತಡ ಏರಿಸುತ್ತದೆ. ನಮ್ಮ ಮನೆಗಳ ಕುಕ್ಕರ್‌ನಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಜಾಸ್ತಿ ಒತ್ತಡ ನಿಲ್ಲುತ್ತದೆ. ಆಗ ನೀರು ಹೆಚ್ಚುಕಡಿಮೆ 120 ಡಿಗ್ರಿಗೆ ಕುದಿಯುತ್ತದೆ. ಬರೀ 20 ಡಿಗ್ರಿ ವ್ಯತ್ಯಾಸ ಅನ್ನಿಸಬಹುದು. ಆದರೆ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯುವ ಹೊತ್ತಿನ ಮೂರನೇ ಒಂದು ಪಾಲಿನಲ್ಲಿ ಕುಕ್ಕರ್‌ನಲ್ಲಿ ಮೆತ್ತಗಾಗುವುದು ಆ 20 ಡಿಗ್ರಿಯಿಂದಲೇ.

ಚದರ ಸೆಂಟಿಮೀಟರಿಗೆ ಒಂದು ಕಿಲೋ ಅಂದರೆ ಎಷ್ಟು? ಮುಚ್ಚಳದ ಅಗಲ 20 ಸೆಂಟಿಮೀಟರ್ ಅಂದುಕೊಳ್ಳಿ. ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ ಒಳಗಿನಿಂದ ಮುಚ್ಚಳವನ್ನು ಮೇಲಕ್ಕೆ ನೂಕುತ್ತಿರುವ ಬಲ 314 ಕಿಲೋ. 50 ಕಿಲೋದ ಆರು ಅಕ್ಕಿ ಮೂಟೆಗಳ ಭಾರ. ದಿನಾ ಬೆಳಗ್ಗೆ ನಾವು ಕಾಫಿ ಕುಡಿಯುತ್ತಾ ಇದರ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿರುತ್ತೇವೆ! ಹಾಗೆ ನಿಲ್ಲಲು ಆಗುವುದು ಆ ಒತ್ತಡ ಅಲ್ಲಿಗೇ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಅದನ್ನು ನಿಲ್ಲಿಸುವುದು ಮುಚ್ಚಳದ ನೆತ್ತಿಯ ಮೇಲಿನ ಆ ಪುಟ್ಟ ವೆಯ್ಟ್.

ವೆಯ್ಟ್ ಅಂತ ಹಳಬರು ಕರೆಯುವುದೇ ಸರಿಯಾದ ಹೆಸರು. ಅದು ನಿಜಕ್ಕೂ ಒಂದು ತೂಕದ ಬಟ್ಟು. ಕೆಳಗೆ ಸಣ್ಣ ಕೊಳವೆ, ಕೊಳವೆಯಲ್ಲಿ ಸಣ್ಣ ತೂತು, ತೂತಿನ ಮೇಲೆ ತೂಕ. ತೂತಿನ ಅಗಲ ಮೂರೂವರೆ ಮಿಲಿಮೀಟರ್ ಆಗಿದ್ದರೆ ಒಂದು ಕಿಲೋ ಒತ್ತಡವನ್ನು ತಡೆದು ಹಿಡಿಯಲು ಸುಮಾರು 96 ಗ್ರಾಂ ತೂಕ ಸಾಕು. ಒತ್ತಡ ಅದಕ್ಕಿಂತ ಚೂರು ಜಾಸ್ತಿಯಾದರೆ ಆವಿ ಬಟ್ಟನ್ನು ಎತ್ತಿ ಹೊರಗೆ ನುಗ್ಗುತ್ತದೆ. ಅದೇ ಕೂಗು. ಒತ್ತಡ ಇಳಿಯುತ್ತದೆ, ಬಟ್ಟು ಮತ್ತೆ ಕೂರುತ್ತದೆ. ತಕ್ಕಡಿಯಷ್ಟೇ ಸರಳವಾದ ವ್ಯವಸ್ಥೆ. ಕರೆಂಟು ಬೇಡ, ಸ್ಪ್ರಿಂಗು ಬೇಡ.

ಇದು ಇವತ್ತಿನದೂ ಅಲ್ಲ. ಡೆನಿಸ್ ಪಾಪಿನ್ ಅನ್ನುವ ಫ್ರಾನ್ಸ್‌ನ ವಿಜ್ಞಾನಿ 1679ರಲ್ಲಿ ಲಂಡನ್‌ನಲ್ಲಿ ಇಂಥ ಒಂದು ಪಾತ್ರೆ ಮಾಡಿದ. ಅದಕ್ಕೆ ಡೈಜೆಸ್ಟರ್ ಅಂತ ಹೆಸರು. ಮೂಳೆಯನ್ನು ಮೆತ್ತಗೆ ಬೇಯಿಸುವುದು ಅವನ ಉದ್ದೇಶ. ಒತ್ತಡ ಮಿತಿಮೀರಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಒಂದು ತೂತು ಮಾಡಿ, ಅದರ ಮೇಲೆ ಸನ್ನೆಗೋಲಿಗೆ ಭಾರ ನೇತುಹಾಕಿ ಒತ್ತಿ ಹಿಡಿಯುವಂತೆ ಮಾಡಿದ. 1682ರ ಏಪ್ರಿಲ್‌ನಲ್ಲಿ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿ ಊಟ ಹಾಕಿದ. ಅವತ್ತು ಉಂಡವರಲ್ಲೊಬ್ಬರಾದ ಜಾನ್ ಎವೆಲಿನ್, ದನದ ಗಟ್ಟಿ ಮೂಳೆಯೂ ಚೀಸ್‌ನಷ್ಟು ಮೆತ್ತಗಾಗಿತ್ತು ಅಂತ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಮನೆಯ ವಿಸಿಲ್ ಆ ಭಾರದ ಮೊಮ್ಮಗ ಅನ್ನಬಹುದು.

ತೂತಿಗೂ ತೂಕಕ್ಕೂ ಹೀಗೆ ಲೆಕ್ಕ ಇದೆ ಅಂತ ಗೊತ್ತಾದ ಮೇಲೆ ಒಂದು ಕೆಲಸ ಯಾವತ್ತೂ ಮಾಡಬಾರದು ಅಂತ ತಾನಾಗಿಯೇ ಹೊಳೆಯುತ್ತದೆ. ಒಂದು ಕುಕ್ಕರ್‌ನ ವಿಸಿಲನ್ನು ಇನ್ನೊಂದು ಕಂಪನಿಯ ಕುಕ್ಕರ್‌ಗೆ ಹಾಕುವುದು. "ಸರಿಯಾಗಿ ಕೂರುತ್ತಲ್ಲ, ಮತ್ತೇನು" ಅನ್ನುತ್ತಾರೆ. ಕೂರುವುದು ಮುಖ್ಯ ಅಲ್ಲ. ಅಗಲವಾದ ತೂತಿಗೆ ಲೆಕ್ಕ ಹಾಕಿ ಮಾಡಿದ ತೂಕವನ್ನು ಅದರ ಅರ್ಧ ಅಗಲದ ತೂತಿನ ಮೇಲಿಟ್ಟರೆ, ಅದನ್ನು ಎತ್ತಲು ನಾಲ್ಕು ಪಟ್ಟು ಒತ್ತಡ ಬೇಕಾಗುತ್ತದೆ. ಎರಡು ಪಟ್ಟಲ್ಲ, ನಾಲ್ಕು. ವಿಸಿಲ್ ಕಳೆದುಹೋದರೆ ಅದೇ ಕಂಪನಿಯ, ಅದೇ ಮಾದರಿಯದ್ದನ್ನೇ ತನ್ನಿ.

ಇನ್ನು ತೂತು ಕಟ್ಟಿಕೊಳ್ಳುವ ವಿಷಯ. ಕೂಗದ ಕುಕ್ಕರ್‌ಗೆ ಹೆದರಿ ಅಂದದ್ದು ಇದಕ್ಕೇ. ಮೂರೂವರೆ ಮಿಲಿಮೀಟರ್ ತೂತು ಮುಚ್ಚಲು ಏನು ಮಹಾ ಬೇಕು? ಒಂದು ಅವರೆಕಾಳಿನ ಸಿಪ್ಪೆ ಸಾಕು. ಒಂದು ಎಲೆ ಪಾಲಕ್ ಸಾಕು. ನಿನ್ನೆಯ ಬೇಳೆಯ ನೊರೆ ಒಣಗಿ ಅಂಟಿಕೊಂಡಿದ್ದರೂ ಸಾಕು. ಬೇಳೆ ಬೇಯುವಾಗ ನೊರೆ ಉಕ್ಕುವುದು ನೋಡಿರುತ್ತೀರಿ. ಕುಕ್ಕರ್ ಒಳಗೂ ಹಾಗೇ ಉಕ್ಕುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ಮುಚ್ಚಳದವರೆಗೆ ಜಾಗ ಇದ್ದರೆ ಉಕ್ಕಿ ಇಳಿಯುತ್ತದೆ. ಜಾಗ ಇಲ್ಲದಿದ್ದರೆ ಕೊಳವೆಗೇ ನುಗ್ಗುತ್ತದೆ. ವಿಸಿಲ್ ಜೊತೆ ಹಳದಿ ನೀರು ಚಿಮ್ಮಿ ಒಲೆಯೆಲ್ಲ ಗಲೀಜಾಗುತ್ತದಲ್ಲ, ಅದು ಒರೆಸುವ ಕೆಲಸ ಮಾತ್ರ ಅಂದುಕೊಳ್ಳಬೇಡಿ. ತುಂಬಿದ್ದು ಜಾಸ್ತಿಯಾಯಿತು ಅಂತ ಕುಕ್ಕರ್ ಹೇಳುತ್ತಿದೆ.

ಎಷ್ಟು ತುಂಬಬೇಕು? ತರಕಾರಿ, ಮಾಂಸ, ಆಲೂಗಡ್ಡೆ ಆದರೆ ಮೂರರಲ್ಲಿ ಎರಡು ಪಾಲಿನವರೆಗೆ. ಬೇಳೆ, ಅಕ್ಕಿ, ಕಾಳು, ಸಾರು ಆದರೆ ಅರ್ಧ ಮಾತ್ರ. ಇದು ನೀರನ್ನೂ ಸೇರಿಸಿ ಹೇಳುವ ಲೆಕ್ಕ. ನೆನೆಸಿದ ಕಡಲೆಕಾಳು, ರಾಜ್ಮಾ ಬೆಂದ ಮೇಲೆ ಇನ್ನೂ ಉಬ್ಬುತ್ತವೆ, ಅವಕ್ಕೆ ಅರ್ಧಕ್ಕಿಂತ ಕಡಿಮೆಯೇ ಒಳ್ಳೆಯದು. ಮನೆಗೆ ನೆಂಟರು ಬಂದ ದಿನವೇ ಈ ಲೆಕ್ಕ ತಪ್ಪುವುದು. ಐದು ಲೀಟರ್ ಕುಕ್ಕರ್‌ಗೆ ಹತ್ತು ಜನರ ಬಿಸಿಬೇಳೆಬಾತ್ ತುರುಕಿದರೆ ಏನಾಗುತ್ತದೆ ಹೇಳಿ. ಎರಡು ಸಲ ಬೇಯಿಸಿ, ತಪ್ಪೇನಿಲ್ಲ.

ಬೇಳೆಗೆ ಅರಿಶಿನದ ಜೊತೆ ಒಂದು ಚಮಚ ಎಣ್ಣೆ ಹಾಕುವುದು ಅಜ್ಜಿಯರ ಕಾಲದಿಂದ ಬಂದ ರೂಢಿ. ಅದು ಸುಮ್ನೆ ಅಲ್ಲ. ಎಣ್ಣೆ ನೊರೆಯನ್ನು ಒಡೆಯುತ್ತದೆ. ಆದರೆ ಎಣ್ಣೆ ಹಾಕಿದೆ ಅಂತ ಕಂಠಪೂರ್ತಿ ತುಂಬುವ ಹಾಗಿಲ್ಲ. ಬೇಳೆಯನ್ನು ಚೆನ್ನಾಗಿ ಮೂರ್ನಾಲ್ಕು ನೀರಿನಲ್ಲಿ ತೊಳೆದರೂ ನೊರೆ ಕಡಿಮೆಯಾಗುತ್ತದೆ. ಇನ್ನು ಡಬ್ಬಿ ಇಟ್ಟು ಬೇಯಿಸುವ ನಮ್ಮ ಪದ್ಧತಿ ಇದೆಯಲ್ಲ, ತಳದಲ್ಲಿ ನೀರು, ಅದರ ಮೇಲೆ ಬೇಳೆ ಡಬ್ಬಿ, ಅದರ ಮೇಲೆ ತರಕಾರಿ, ಎಲ್ಲಕ್ಕಿಂತ ಮೇಲೆ ಅನ್ನ. ಇದು ನನ್ನ ಪ್ರಕಾರ ತುಂಬ ಜಾಣತನದ ಪದ್ಧತಿ. ಬೇಳೆ ಕೆಳಗಿರುವುದರಿಂದ ಅದರ ನೊರೆ ಕೊಳವೆಗೆ ತಲುಪುವುದು ಕಷ್ಟ. ತಳ ಹಿಡಿಯುವ ಚಿಂತೆಯೂ ಇಲ್ಲ. ಒಂದೇ ಎಚ್ಚರ, ಮೇಲಿನ ಡಬ್ಬಿ ಮುಚ್ಚಳಕ್ಕೆ ತಾಗಬಾರದು. ಕೊಳವೆಯ ಕೆಳಬಾಯಿಗೆ ಡಬ್ಬಿಯ ತಟ್ಟೆ ಒತ್ತಿಕೊಂಡರೆ ದಾರಿ ಅಲ್ಲೇ ಬಂದ್.

ಕೆಲವನ್ನು ಕುಕ್ಕರ್‌ಗೆ ಹಾಕದಿರುವುದೇ ವಾಸಿ. ಸಬ್ಬಕ್ಕಿ, ಓಟ್ಸ್, ಶಾವಿಗೆ, ತುಂಬ ಗಟ್ಟಿಯಾದ ಹಿಟ್ಟಿನ ಅಡುಗೆ. ಇವು ಅಂಟಂಟಾಗಿ ಉಕ್ಕಿ ಕೊಳವೆಯಲ್ಲಿ ಗೋಂದಿನ ಹಾಗೆ ಕೂರುತ್ತವೆ. ರಾಗಿ ಮುದ್ದೆಯನ್ನು ಕುಕ್ಕರ್‌ನಲ್ಲಿ ಮಾಡುವವರಿದ್ದಾರೆ. ನಾನಂತೂ ಮಾಡುವುದಿಲ್ಲ. ಮುದ್ದೆಯಂಥ ಗಟ್ಟಿ ಪದಾರ್ಥದಲ್ಲಿ ನೀರು ಓಡಾಡುವುದಿಲ್ಲ, ತಳ ಸೀಯುತ್ತದೆ, ಆವಿ ಸಾಲದೆ ಹೋಗುತ್ತದೆ. ಕೋಲು ಹಿಡಿದು ತಿರುವಿದ ಮುದ್ದೆಯ ರುಚಿಯೂ ಬೇರೆ, ಅಲ್ವಾ? ಕುಕ್ಕರ್‌ನಲ್ಲಿ ಮುಚ್ಚಳ ಹಾಕಿ ಎಣ್ಣೆಯಲ್ಲಿ ಕರಿಯುವ ಸಾಹಸವಂತೂ ಬೇಡವೇ ಬೇಡ. ಎಣ್ಣೆಯ ಬಿಸಿ 120ರಲ್ಲಿ ನಿಲ್ಲುವುದಿಲ್ಲ. ಅದು 180 ಡಿಗ್ರಿ ದಾಟಿದರೆ ರಬ್ಬರ್ ಗತಿ ಏನು?

ತೂತು ಸರಿಯಿದೆಯೇ ಅಂತ ನೋಡಲು ಹತ್ತು ಸೆಕೆಂಡ್ ಸಾಕು. ಮುಚ್ಚಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ, ಕೊಳವೆಯ ಒಳಗೆ ನೋಡಿ. ಬೆಳಕಿನ ಚುಕ್ಕೆ ದುಂಡಗೆ ಕಾಣಬೇಕು. ಅರ್ಧಚಂದ್ರ ಕಂಡರೆ ಏನೋ ಕೂತಿದೆ. ಪಿನ್ನಿನಿಂದ ಚುಚ್ಚಿ, ನಲ್ಲಿ ನೀರು ಬಿಟ್ಟು ತೊಳೆಯಿರಿ. ವಿಸಿಲ್‌ನ ಒಳಗೂ ಬೇಳೆ ಒಣಗಿ ಕೂತಿರುತ್ತದೆ, ಅದನ್ನೂ ಬಿಸಿನೀರಲ್ಲಿ ನೆನೆಸಿ ಅಲ್ಲಾಡಿಸಿ.

ಎರಡನೇ ಪರೀಕ್ಷೆ ಒಲೆಯ ಮೇಲೆ. ಮುಚ್ಚಳ ಹಾಕಿದ ತಕ್ಷಣ ವೆಯ್ಟ್ ಹಾಕಬೇಡಿ. ಕೊಳವೆಯಿಂದ ಆವಿ ನೆಟ್ಟಗೆ, ಜೋರಾಗಿ ಬರುವವರೆಗೆ ಕಾಯಿರಿ. ಆಮೇಲೆ ಹಾಕಿ. ನಮ್ಮ ಅಮ್ಮಂದಿರ ಕಾಲದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ನಾವು ಅವಸರದಲ್ಲಿ ಬಿಟ್ಟುಬಿಟ್ಟಿದ್ದೇವೆ. ಇದರಿಂದ ಎರಡು ಲಾಭ. ದಾರಿ ತೆರೆದಿದೆ ಅಂತ ಕಣ್ಣಾರೆ ಗೊತ್ತಾಗುತ್ತದೆ. ಒಳಗಿದ್ದ ಗಾಳಿಯೂ ಹೊರಗೆ ಹೋಗುತ್ತದೆ. ಗಾಳಿ ಉಳಿದರೆ ಒತ್ತಡ ಏರಿದರೂ ಬಿಸಿ ಅಷ್ಟಾಗಿ ಏರುವುದಿಲ್ಲ, ಬೇಳೆ ಬೇಯದೆ ಉಳಿಯುತ್ತದೆ.

ಸರಿ, ಇಷ್ಟೆಲ್ಲ ಮಾಡಿಯೂ ತೂತು ಕಟ್ಟಿತು ಅಂದುಕೊಳ್ಳಿ. ಆಗ ಸೇಫ್ಟಿ ವಾಲ್ವ್ ಇದೆ. ಮುಚ್ಚಳದ ಮೇಲೆ ಕೊಳವೆಯ ಆಸುಪಾಸಿನಲ್ಲಿ ಬಟನ್ ತರಹ ಕಾಣುವ ತುಂಡು. ಹೆಚ್ಚಿನವುಗಳ ಮಧ್ಯದಲ್ಲಿ ಬೇಗ ಕರಗುವ ಮಿಶ್ರಲೋಹ ಇರುತ್ತದೆ. ಅದು ಕರಗುವುದು ಬಿಸಿಗೆ. ಹಾಗಾದರೆ ಒತ್ತಡವನ್ನು ಹೇಗೆ ತಡೆಯುತ್ತದೆ? ಒಳಗೆ ನೀರಿದ್ದಾಗ ಒತ್ತಡ ಏರಿದರೆ ಬಿಸಿಯೂ ಜೊತೆಗೇ ಏರಲೇಬೇಕು. ಒಂದು ಕಿಲೋಗೆ 120 ಡಿಗ್ರಿ, ಎರಡು ಕಿಲೋಗೆ 133 ಡಿಗ್ರಿಯ ಸುಮಾರು. ಬಿಸಿ ಗೆರೆ ದಾಟಿದರೆ ಲೋಹ ಕರಗಿ ತೂತಾಗುತ್ತದೆ, ಆವಿ ಅಲ್ಲಿಂದ ಹೊರಗೆ. ನೀರು ಪೂರ್ತಿ ಬತ್ತಿ ತಳ ಕಾದರೂ ಇದೇ ಕರಗುತ್ತದೆ. ಒಂದೇ ಕಾವಲುಗಾರ, ಎರಡು ಬಾಗಿಲು ಕಾಯುತ್ತಾನೆ.

ಈ ಕಾವಲುಗಾರನನ್ನು ನಾವು ನಡೆಸಿಕೊಳ್ಳುವ ರೀತಿ ನೋಡಿದರೆ ಬೇಜಾರಾಗುತ್ತದೆ. ವಾಲ್ವ್ ಹೋಯಿತು ಅಂತ ಆ ಜಾಗಕ್ಕೆ ನಟ್ಟು ಬೋಲ್ಟು ಬಿಗಿದವರನ್ನು ಕಂಡಿದ್ದೇನೆ. ಎಂ-ಸೀಲ್ ಮೆತ್ತಿದವರನ್ನೂ ಕಂಡಿದ್ದೇನೆ. "ಎಷ್ಟು ಸಲ ಹಾಕಿದರೂ ಹೋಗುತ್ತೆ, ಅದಕ್ಕೇ ಪರ್ಮನೆಂಟಾಗಿ ಮಾಡಿಸಿಬಿಟ್ಟೆ" ಅಂತ ಹೆಮ್ಮೆಯ ಮಾತು ಬೇರೆ! ವಾಲ್ವ್ ಪದೇ ಪದೇ ಹೋಗುತ್ತಿದ್ದರೆ ತಪ್ಪು ವಾಲ್ವ್‌ನದ್ದಲ್ಲ. ನೀರು ಸಾಲುತ್ತಿಲ್ಲ, ಇಲ್ಲವೇ ಕೊಳವೆ ಕಟ್ಟುತ್ತಿದೆ, ಇಲ್ಲವೇ ವಾಲ್ವೇ ನಕಲಿ. ಫ್ಯೂಸ್ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತಿದ ಹಾಗೆ ಇದು. ಒಮ್ಮೆ ಕರಗಿದ ವಾಲ್ವನ್ನು ಎಸೆದು ಅಸಲಿಯನ್ನೇ ಹಾಕಿಸಿ. ಪಾತ್ರೆ ಅಂಗಡಿಯಲ್ಲಿ ದೊಡ್ಡ ದುಡ್ಡೇನೂ ಆಗುವುದಿಲ್ಲ.

ಹೊರಮುಚ್ಚಳದ ಹಲವು ಕುಕ್ಕರ್‌ಗಳಲ್ಲಿ ಮೂರನೇ ದಾರಿಯೂ ಇದೆ. ಮುಚ್ಚಳದ ಅಂಚಿನಲ್ಲಿ ಉದ್ದುದ್ದದ ಸಣ್ಣ ಸೀಳು ಕಾಣುತ್ತದೆ. ಒತ್ತಡ ಮಿತಿಮೀರಿದರೆ ರಬ್ಬರ್ ಆ ಸೀಳಿನಿಂದ ಹೊರಕ್ಕೆ ಉಬ್ಬಿ ಆವಿಗೆ ಜಾಗ ಬಿಡುತ್ತದೆ. ನಿಮ್ಮ ಕುಕ್ಕರ್‌ನಲ್ಲಿ ಅದು ಯಾವ ಕಡೆ ಇದೆ ನೋಡಿಕೊಳ್ಳಿ. ಒಲೆಯ ಮೇಲಿಡುವಾಗ ಆ ಕಡೆಯನ್ನು ಗೋಡೆಗೆ ತಿರುಗಿಸಿ. ನಿಮ್ಮ ಹೊಟ್ಟೆಗೆ ಬೇಡ.

ಮುಚ್ಚಳದ ವಿಷಯ ಬಂತಲ್ಲ, ನಮ್ಮಲ್ಲಿ ಎರಡು ಪಂಗಡ. ಪ್ರೆಸ್ಟೀಜ್‌ನ ಹೆಸರಾಂತ ಹೊರಮುಚ್ಚಳ, ಹಾಕಿನ್ಸ್‌ನ ಒಳಮುಚ್ಚಳ. ಮದುವೆಯಾಗಿ ಬಂದ ಸೊಸೆಗೂ ಅತ್ತೆಗೂ ಈ ವಿಷಯದಲ್ಲೇ ಭಿನ್ನಾಭಿಪ್ರಾಯ ಬರುವುದುಂಟು. ಒಳಮುಚ್ಚಳದಲ್ಲಿ ಆವಿ ಮುಚ್ಚಳವನ್ನು ಒಳಗಿನಿಂದಲೇ ಅಂಚಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಇರುವವರೆಗೆ ತೆಗೆಯಲು ಬರುವುದೇ ಇಲ್ಲ. ಹೊರಮುಚ್ಚಳದಲ್ಲಿ ಆವಿ ಮುಚ್ಚಳವನ್ನು ಮೇಲಕ್ಕೆ ನೂಕುತ್ತದೆ, ಅಂಚಿನ ಹಲ್ಲುಗಳು ಹಿಡಿದುಕೊಂಡಿರುತ್ತವೆ. ಜೋರು ಮಾಡಿ ತಿರುಗಿಸಿದರೆ ಸ್ವಲ್ಪ ಒತ್ತಡ ಉಳಿದಿದ್ದರೂ ತೆರೆದುಕೊಳ್ಳಬಹುದು. ಎರಡೂ ಒಳ್ಳೆಯವೇ. ಹೊರಮುಚ್ಚಳ ತೊಳೆಯಲು ಸುಲಭ, ಬಾಯಿ ಅಗಲ. ಆದರೆ ಅವಸರದ ಸ್ವಭಾವದವರಿಗೆ ನಾನು ಒಳಮುಚ್ಚಳವನ್ನೇ ಹೇಳುತ್ತೇನೆ.

ಯಾಕೆಂದರೆ ಆ ಅವಸರದವನು ನಾನೇ. ಮೈಸೂರಿನ ಬಾಡಿಗೆ ಮನೆಯಲ್ಲಿದ್ದಾಗ ನಡೆದದ್ದು. ಆಫೀಸಿಗೆ ತಡವಾಗಿತ್ತು. ಗ್ಯಾಸ್ ಆರಿಸಿ ಎರಡು ನಿಮಿಷವೂ ಆಗಿರಲಿಲ್ಲ. ವಿಸಿಲ್ ಎತ್ತಿದೆ, ಸ್ವಲ್ಪ ಆವಿ ಬಂತು, ಆಮೇಲೆ ಸದ್ದು ನಿಂತಿತು. ಆಯಿತು ಅಂದುಕೊಂಡು ಹಿಡಿ ತಿರುಗಿಸಿದೆ. ಬಿಗಿಯಾಗಿತ್ತು. ಇನ್ನೊಂದು ಕೈ ಹಾಕಿ ಎಳೆದೆ. ಮುಚ್ಚಳ ಹಾರಿ ಸಿಂಕಿಗೆ ಬಿತ್ತು, ಬೇಳೆ ಮಾಳಿಗೆಗೆ. ಹೊಸದಾಗಿ ಬಣ್ಣ ಹೊಡೆದಿದ್ದ ಮಾಳಿಗೆ. ಅದೃಷ್ಟಕ್ಕೆ ನಾನು ಪಕ್ಕಕ್ಕೆ ವಾಲಿಕೊಂಡಿದ್ದೆ, ಮೊಣಕೈಗೆ ಮಾತ್ರ ಸುಟ್ಟಿತು. ಮನೆ ಖಾಲಿ ಮಾಡುವಾಗ ಅರಿಶಿನದ ಕಲೆಗೆ ಅಂತ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿದರು. ನ್ಯಾಯವೇ. ಸದ್ದು ನಿಂತದ್ದು ಒತ್ತಡ ಇಳಿದದ್ದಕ್ಕಲ್ಲ, ಬೇಳೆ ಬಂದು ಕೊಳವೆಗೆ ಅಡ್ಡ ಕೂತದ್ದಕ್ಕೆ ಅಂತ ಆಮೇಲೆ ಮುಚ್ಚಳ ತೊಳೆಯುವಾಗ ಗೊತ್ತಾಯಿತು.

ಮುಚ್ಚಳ ತೆಗೆದರೆ ಆವಿ ಹೋಗಬೇಕು, ಬೇಳೆ ಯಾಕೆ ಹಾರುತ್ತದೆ? ಆಗ ನನಗೂ ಅರ್ಥವಾಗಿರಲಿಲ್ಲ. ಕಾರಣ ಆ 120 ಡಿಗ್ರಿಯ ನೀರು. ಒತ್ತಡ ಇರುವವರೆಗೆ ಅದು ನೀರಾಗಿಯೇ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಹೊರಗಿನ ಗಾಳಿಯಲ್ಲಿ ನೀರು 100ಕ್ಕಿಂತ ಬಿಸಿಯಾಗಿ ಇರಲಾರದು. ಮಿಕ್ಕ 20 ಡಿಗ್ರಿಯ ಶಾಖವೆಲ್ಲ ಅದೇ ಕ್ಷಣ ನೀರಿನ ಒಂದು ಭಾಗವನ್ನು ಆವಿಯಾಗಿಸುತ್ತದೆ. ಒಂದು ಲೀಟರ್ ನೀರಿದ್ದರೆ ಅದರಲ್ಲಿ ಆವಿಯಾಗುವುದು 37 ಗ್ರಾಂ ಸುಮಾರು. ದೊಡ್ಡ ಚಮಚದಲ್ಲಿ ಎರಡೂವರೆ ಚಮಚ. ಆದರೆ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಆ ಎರಡೂವರೆ ಚಮಚ 60 ಲೀಟರ್ ಆವಿಯಾಗುತ್ತದೆ. ಬೇಳೆಯ ಒಳಗೆ, ತಳದಲ್ಲಿ, ಎಲ್ಲ ಕಡೆ ಒಟ್ಟಿಗೇ. ಐದು ಲೀಟರ್ ಪಾತ್ರೆಯಲ್ಲಿ 60 ಲೀಟರ್ ಆವಿ ಹುಟ್ಟಿದರೆ ಮೇಲಿರುವ ಬೇಳೆ ಎಲ್ಲಿಗೆ ಹೋಗಬೇಕು ಹೇಳಿ. ಮಾಳಿಗೆಗೇ.

ಹಾಗಾಗಿ ಒತ್ತಡ ತಾನಾಗಿ ಇಳಿಯಲು ಬಿಡಿ. ಹತ್ತು ನಿಮಿಷ, ದೊಡ್ಡ ಕುಕ್ಕರ್ ತುಂಬ ಬೇಳೆ ಇದ್ದರೆ ಹದಿನೈದು. ಆಮೇಲೆ ಸೌಟಿನ ಹಿಡಿಯಿಂದ ವಿಸಿಲನ್ನು ಚೂರು ಎತ್ತಿ ನೋಡಿ. ಸುಂಯ್ ಅಂದರೆ ವಾಪಸ್ ಬಿಡಿ. ಸದ್ದಿಲ್ಲ ಅಂದರೂ ನನ್ನ ಕಥೆ ನೆನಪಿರಲಿ, ಮುಚ್ಚಳ ಸಲೀಸಾಗಿ ತಿರುಗಬೇಕು. ಬಲ ಹಾಕುವ ಹಾಗಿದ್ದರೆ ಇನ್ನೂ ಹೊತ್ತಾಗಿಲ್ಲ ಅಂತಲೇ ಅರ್ಥ. ತೆಗೆಯುವಾಗ ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಿ, ಆವಿ ಆ ಕಡೆಗೆ ಹೋಗುತ್ತದೆ.

ನಲ್ಲಿ ಕೆಳಗೆ ಹಿಡಿದು ತಣ್ಣೀರು ಬಿಡುವ ಅಭ್ಯಾಸ ಹಲವರಿಗಿದೆ. ಆಲೂಗಡ್ಡೆಗೋ ಬೀಟ್‌ರೂಟ್‌ಗೋ ಪರವಾಗಿಲ್ಲ. ನೀರು ಪಕ್ಕಕ್ಕೆ ಬೀಳಲಿ, ವಿಸಿಲ್ ಮೇಲೆ ಬೇಡ. ಬೇಳೆ, ಗಂಜಿ, ಸಾರು ಇದ್ದಾಗ ಮಾತ್ರ ಹಾಗೆ ಮಾಡಬೇಡಿ. ಮೇಲಿನ ಆವಿ ತಣ್ಣಗಾಗಿ ಒತ್ತಡ ಥಟ್ಟನೆ ಬಿದ್ದರೆ ಒಳಗಿನ ಬೇಳೆ ಮತ್ತೆ ಭೋರೆಂದು ಕುದಿಯುತ್ತದೆ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ರಾತ್ರಿ ಕುಕ್ಕರ್ ಇಟ್ಟು ಮರೆತು ಬೆಳಗ್ಗೆ ನೋಡಿದರೆ ಮುಚ್ಚಳ ಅಲ್ಲಾಡುವುದಿಲ್ಲ. ಒಳಗೆ ಒತ್ತಡವೇ ಇಲ್ಲ, ಆದರೂ ಬರುವುದಿಲ್ಲ. ಒಳಗಿನ ಆವಿಯೆಲ್ಲ ತಣಿದು ನೀರಾಗಿದೆ, ಅದರ ಜಾಗ ಖಾಲಿಯಾಗಿದೆ. ಈಗ ಹೊರಗಿನ ಗಾಳಿಯೇ ಮುಚ್ಚಳವನ್ನು ಅದುಮಿ ಹಿಡಿದಿದೆ. ಸುತ್ತಿಗೆ, ಚಾಕು ತರಬೇಡಿ. ವಿಸಿಲ್ ತೆಗೆದುಬಿಡಿ, ಗಾಳಿ ಒಳಗೆ ಹೋದರೆ ಬಿಡುತ್ತದೆ. ಕೊಳವೆ ಕಟ್ಟಿ ಗಾಳಿ ಹೋಗದಿದ್ದರೆ ಮೊದಲು ಅದನ್ನು ಪಿನ್ನಿನಿಂದ ಬಿಡಿಸಿ.

ಈಗ ಆ ಸದ್ದಿಲ್ಲದ ಕುಕ್ಕರ್‌ಗೆ ಬರೋಣ. ಉರಿ ಜೋರಿದೆ, ಕೂಗಬೇಕಾದ ಹೊತ್ತು ಮೀರಿದೆ, ಕೂಗುತ್ತಿಲ್ಲ. ದೂರದಿಂದಲೇ ನೋಡಿ. ಅಂಚಿನಿಂದ ಆವಿ ಸೋರುತ್ತಿದ್ದರೆ, ಹನಿ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಹಿಡಿಯುತ್ತಿಲ್ಲ. ಒತ್ತಡ ಏರುವುದಿಲ್ಲ, ಸಿಡಿಯುವ ಭಯ ಕಡಿಮೆ. ಆದರೆ ನೀರು ಬತ್ತುತ್ತಾ ಹೋಗುತ್ತದೆ, ಆರಿಸಿಬಿಡಿ. ಎಲ್ಲಿಂದಲೂ ಆವಿ ಕಾಣುತ್ತಿಲ್ಲ, ಸೀದ ವಾಸನೆ ಬರುತ್ತಿದೆ ಅಂದರೆ ನೀರು ಮುಗಿದಿದೆ. ಆರಿಸಿ, ತಣ್ಣೀರು ಮಾತ್ರ ಸುರಿಯಬೇಡಿ. ಆವಿಯೂ ಇಲ್ಲ, ವಾಸನೆಯೂ ಇಲ್ಲ, ನೀರು ಹಾಕಿದ್ದು ನೆನಪಿದೆ ಅಂದರೆ ದಾರಿ ಕಟ್ಟಿರಬಹುದು. ಇದೇ ಅಪಾಯದ್ದು. ಒಲೆಯ ಗುಂಡಿ ಕುಕ್ಕರ್‌ಗೆ ತೀರಾ ಹತ್ತಿರ ಇದ್ದರೆ ಸಿಲಿಂಡರ್‌ನ ರೆಗ್ಯುಲೇಟರನ್ನೇ ಆಫ್ ಮಾಡಿ. ವಿಸಿಲ್ ಅಲ್ಲಾಡಿಸಲು, ಕುಕ್ಕರ್ ಎತ್ತಿ ಕೆಳಗಿಡಲು, ಬಗ್ಗಿ ನೋಡಲು ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ಪೂರ್ತಿ ತಣಿದ ಮೇಲೆ ಮುಟ್ಟಿ. ಅವತ್ತು ಊಟ ಹೋಟೆಲಿನದ್ದೇ ಆಗಲಿ.

ನೀರು ಬತ್ತುವುದಕ್ಕೂ ನಾವು ಕೂಗು ಎಣಿಸುವುದಕ್ಕೂ ನಂಟಿದೆ. ಮೊದಲನೇ ಕೂಗು ಬಂತೆಂದರೆ ಒಳಗೆ 120 ಡಿಗ್ರಿ ಆಗಿದೆ ಅಂತ. ಆಮೇಲೆ ಉರಿ ಜೋರಿಟ್ಟರೂ ಸಣ್ಣಗಿಟ್ಟರೂ ಒಳಗಿನ ಬಿಸಿ ಅಷ್ಟೇ. ಜೋರಿಟ್ಟರೆ ಜಾಸ್ತಿಯಾದ ಆವಿ ಕೂಗಿ ಕೂಗಿ ಹೊರಗೆ ಹೋಗುತ್ತದೆ, ಜೊತೆಗೆ ನೀರು, ಗ್ಯಾಸು ಎರಡೂ ಖರ್ಚು. ನಿಮ್ಮ ಒಲೆಯಲ್ಲಿ ನಾಲ್ಕು ಕೂಗು ಎಂಟು ನಿಮಿಷ ಆದರೆ ಪಕ್ಕದ ಮನೆಯ ದೊಡ್ಡ ಬರ್ನರ್‌ನಲ್ಲಿ ನಾಲ್ಕೇ ನಿಮಿಷ ಆಗಬಹುದು. ಅವರ ಬೇಳೆ ಬೇಯಲಿಲ್ಲ ಅಂದರೆ ಆಶ್ಚರ್ಯ ಏನು? ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ, ನಿಮಿಷ ಎಣಿಸಿ. ಎಷ್ಟೇ ಕಡಿಮೆ ಪದಾರ್ಥ ಇದ್ದರೂ ತಳದಲ್ಲಿ ಒಂದು ದೊಡ್ಡ ಲೋಟ ನೀರು ಇರಲಿ. ನಿಮ್ಮ ಕುಕ್ಕರ್‌ನ ಪುಸ್ತಕದಲ್ಲಿ ಅದಕ್ಕಿಂತ ಜಾಸ್ತಿ ಹೇಳಿದ್ದರೆ ಅಷ್ಟು ಹಾಕಿ.

ಇಡ್ಲಿಗೆ ವೆಯ್ಟ್ ಹಾಕುವುದಿಲ್ಲ, ಅದಕ್ಕೆ ಒತ್ತಡ ಬೇಡ, ಆವಿ ಸಾಕು. ಆದರೆ ಹತ್ತು ಹನ್ನೆರಡು ನಿಮಿಷ ಒಂದೇ ಸಮನೆ ಆವಿ ಹೋಗುತ್ತಿರುತ್ತದೆ, ಕೂಗಿ ಎಚ್ಚರಿಸುವವರು ಯಾರೂ ಇಲ್ಲ. ಎರಡನೇ ಸುತ್ತಿನ ಇಡ್ಲಿ ಇಡುವ ಮೊದಲು ನೀರು ನೋಡಿ. ಲಾಕ್‌ಡೌನ್ ಕಾಲದಲ್ಲಿ ಕುಕ್ಕರ್ ಕೇಕ್ ಶುರುವಾಯಿತಲ್ಲ, ತಳಕ್ಕೆ ಉಪ್ಪು ಸುರಿದು, ರಬ್ಬರ್, ವಿಸಿಲ್ ತೆಗೆದು ಮುಕ್ಕಾಲು ಗಂಟೆ ಖಾಲಿ ಕಾಯಿಸುವುದು. ಕೇಕ್ ಚೆನ್ನಾಗಿಯೇ ಬರುತ್ತದೆ, ನಾನೂ ತಿಂದಿದ್ದೇನೆ. ಆದರೆ ಹಾಗೆ ಒಣದಾಗಿ ಕಾದ ಪಾತ್ರೆಯ ತಳ ಸೊಟ್ಟಗಾಗಬಹುದು, ಸೇಫ್ಟಿ ವಾಲ್ವ್ ಕರಗಬಹುದು. ಅದಕ್ಕೆ ದಪ್ಪ ತಳದ ಬೇರೆ ಪಾತ್ರೆ ಇಟ್ಟುಕೊಳ್ಳಿ.

ರಬ್ಬರ್ ಹಳೆಯದಾದರೆ ಗಟ್ಟಿಯಾಗುತ್ತದೆ, ಸಡಿಲವಾಗುತ್ತದೆ. ಫ್ರೀಜರ್‌ನಲ್ಲಿಟ್ಟು ಒಂದೆರಡು ದಿನ ತಳ್ಳುವ ಉಪಾಯ ಎಲ್ಲರಿಗೂ ಗೊತ್ತು. ಆ ಉಪಾಯ ಬೇಕಾಯಿತು ಅಂದರೆ ಹೊಸದು ತರುವ ದಿನ ಬಂತು ಅಂತ. ವರ್ಷಕ್ಕೊಮ್ಮೆ ಬದಲಿಸಿದರೆ ನೆಮ್ಮದಿ. ತೊಳೆದು ಒರೆಸಿ ಹೊರಗಿಡಿ, ಮುಚ್ಚಳ ಬಿಗಿದು ಇಡಬೇಡಿ. ಹಿಡಿಯ ಸ್ಕ್ರೂ ಸಡಿಲವಾದರೆ ಅವತ್ತೇ ಬಿಗಿಸಿ. ತುಂಬಿದ ಬಿಸಿ ಕುಕ್ಕರ್ ಎತ್ತಿದಾಗ ಹಿಡಿ ತಿರುಗಿದರೆ ಸಿಡಿದದ್ದಕ್ಕಿಂತ ಕಡಿಮೆ ಅನಾಹುತವೇನಲ್ಲ. ತಳ ಹೊರಕ್ಕೆ ಉಬ್ಬಿದ್ದರೆ, ಅಂಚು ನಗ್ಗಿದ್ದರೆ ಆ ಕುಕ್ಕರನ್ನು ಬಡಿದು ಸರಿಮಾಡಿಸಬೇಡಿ. ಅಕ್ಕಿ ಅಳೆಯಲು, ಗಿಡ ನೆಡಲು ಬಳಸಿ.

ಹೊಸದು ಕೊಳ್ಳುವಾಗ ಐಎಸ್ಐ ಗುರುತು ನೋಡಿ. ಮನೆಬಳಕೆಯ ಕುಕ್ಕರ್‌ಗೆ ಇರುವ ಭಾರತೀಯ ಮಾನಕ ಐಎಸ್ 2347. 2021ರ ಫೆಬ್ರವರಿ 1ರಿಂದ ಆ ಗುರುತು ಕಡ್ಡಾಯ. ಆದರೂ ಆನ್‌ಲೈನಿನಲ್ಲಿ ಗುರುತಿಲ್ಲದವು ಬಿಕರಿಯಾಗುತ್ತಿದ್ದವು. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂಥ ಮಾರಾಟ ತಾಣಗಳಿಗೆ ದಂಡವನ್ನೂ ಹಾಕಿತು. ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ.

ಕೊನೆಗೆ ಸುಟ್ಟ ಗಾಯದ ಮಾತು. ಆವಿಯ ಸುಡುವಿಕೆ ಬಿಸಿನೀರಿಗಿಂತ ಕೆಟ್ಟದ್ದು. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ ಬಿದ್ದು ತಣಿಯುವಾಗ 63 ಕ್ಯಾಲರಿ ಶಾಖ ಬಿಡುತ್ತದೆ. ಒಂದು ಗ್ರಾಂ ಆವಿ ಬರೀ ನೀರಾಗುವಾಗಲೇ 540 ಕ್ಯಾಲರಿ ಬಿಡುತ್ತದೆ, ಆಮೇಲೆ ಆ ನೀರಿನ 63 ಬೇರೆ. ಹಾಗಾಗಿ ತಡ ಮಾಡದೆ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ, 20 ನಿಮಿಷ. ನಿಜವಾಗಿ 20 ನಿಮಿಷ, ಗಡಿಯಾರ ನೋಡಿಕೊಂಡು. ಬಳೆ, ಉಂಗುರ ಊತ ಬರುವ ಮೊದಲೇ ತೆಗೆಯಿರಿ. ಐಸ್ ಬೇಡ. ಪೇಸ್ಟು, ಇಂಕು, ಬೆಣ್ಣೆ, ಅರಿಶಿನ ಯಾವುದೂ ಬೇಡ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ. ಮುಖ, ಕಣ್ಣು, ಅಂಗೈಗೆ ತಾಗಿದ್ದರೆ, ಗಾಯ ದೊಡ್ಡದಿದ್ದರೆ, ಮಕ್ಕಳಿಗಾಗಿದ್ದರೆ 108ಕ್ಕೆ ಫೋನ್ ಮಾಡಿ. ನನ್ನ ಮೊಣಕೈಗೆ ಅವತ್ತು ಪಕ್ಕದ ಮನೆಯ ಅಜ್ಜಿ ಓಡಿಬಂದು ಪೇಸ್ಟ್ ಬಳಿದಿದ್ದರು. ಆಸ್ಪತ್ರೆಯಲ್ಲಿ ಗಾಯಕ್ಕಿಂತ ಆ ಪೇಸ್ಟ್ ತೊಳೆದು ತೆಗೆಯುವಾಗಲೇ ನಾನು ಜಾಸ್ತಿ ಕೂಗಿದ್ದು.